ಆರನೇ ನಿಮಿಷ

ಮಗಳು ಅಮೂಲ್ಯಳ ಎಡಗಡೆಯ ಜಡೆ ಮುಗಿದಿತ್ತು. ಬಲಗಡೆಯ ಕೂದಲನ್ನು ಮೂರು ಕಾಲು ಮಾಡಿ ಹಿಡಿದಾಗಲೇ ಕಿಟಕಿಯಲ್ಲಿದ್ದ ಫೋನು ರಿಂಗಾಯಿತು.

ರಿಬ್ಬನ್ನನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ ತನುಶ್ರೀ ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಒತ್ತಿಕೊಂಡಳು.

"ತನುಶ್ರೀ ಅವರಾ? ನಾನು ವಸಂತ್... ಕಾಲೇಜಿನ ಗಣಿತ ಸಹಾಯ ಕೇಂದ್ರದಿಂದ."

ರಿಬ್ಬನ್ ಜಾರಿ ಕೆಳಗೆ ಬಿತ್ತು.

ಅವನು ಹೆಸರು ಹೇಳುವ ಅಗತ್ಯವೇ ಇರಲಿಲ್ಲ. ನಾಲ್ಕು ತಿಂಗಳಿಂದ ಭದ್ರಾವತಿಯಿಂದ ಶಿವಮೊಗ್ಗಕ್ಕೆ ಹೋಗುವ ಬಸ್ಸಿನಲ್ಲಿ, ಇಯರ್‌ಫೋನಿನಲ್ಲಿ ಅವಳ ಜೊತೆಗೇ ಬರುತ್ತಿದ್ದ ದನಿ ಅದು. ಮುಖ ಅವಳು ನೋಡಿರಲಿಲ್ಲ. ವಿಡಿಯೋದಲ್ಲಿ ಕಾಣುತ್ತಿದ್ದುದು ಬಿಳಿ ಹಾಳೆ, ಅದರ ಮೇಲೆ ಬರೆಯುವ ಎಡಗೈ, ಅಷ್ಟೇ.

ಮದುವೆಗೆಂದು ಅರ್ಧಕ್ಕೆ ಬಿಟ್ಟ ಬಿ.ಎಸ್ಸಿ.ಗೆ, ಆ ಮದುವೆಯೂ ಮುರಿದ ಮೇಲೆ, ಇಪ್ಪತ್ತೊಂಬತ್ತನೇ ವಯಸ್ಸಿನಲ್ಲಿ ಮತ್ತೆ ಸೇರಿದ್ದಳು ತನುಶ್ರೀ. ಕ್ಲಾಸಿನಲ್ಲಿ ಇಂಗ್ಲಿಷಿನಲ್ಲಿ ಓಡುವ ಗಣಿತ ಕೈಗೇ ಸಿಗುತ್ತಿರಲಿಲ್ಲ. ಇವನು ಕನ್ನಡದಲ್ಲಿ ಮಾಡಿ ಹಾಕಿದ ಪುಟ್ಟ ಪುಟ್ಟ ವಿಡಿಯೋಗಳೇ ಅವಳನ್ನು ಕೈಹಿಡಿದು ನಡೆಸಿದ್ದವು.

"ಏಳನೇ ವಿಡಿಯೋ, ಮಾತೃಕೆ, ಅಂದ್ರೆ ಮ್ಯಾಟ್ರಿಕ್ಸ್ ಪಾಠ. ಅದರ ಆರನೇ ನಿಮಿಷವನ್ನ ನಿಮ್ಮ ಲಾಗಿನ್‌ನಿಂದ ಅರವತ್ತೆರಡು ಸಲ ತಿರುಗಿಸಿ ನೋಡಿದ್ದು ನಮ್ಮ ಕಂಪ್ಯೂಟರಲ್ಲಿ ತೋರಿಸ್ತಿದೆ. ಅಲ್ಲಿ ಏನು ಕಷ್ಟ ಆಗ್ತಿದೆ ಹೇಳಿ. ಬೇರೆ ಥರ ಹೇಳಿಕೊಡ್ತೀನಿ."

"ಅರವತ್ತೆರಡು ಸಲವಾ? ನಾನು ನೋಡಿದ್ದು ಎರಡೇ ಸಲ ಸರ್. ನಂಗೆ ಅದು ಅರ್ಥ ಆಗಿದೆ."

ಆ ಕಡೆಯಿಂದ ಮೆತ್ತಗೆ, "ಅರ್ಥ ಆಗ್ಲಿಲ್ಲ ಅನ್ನೋಕೆ ನಾಚ್ಕೋಬೇಡಿ ಮೇಡಂ."

ಆ ಮೆತ್ತಗಿನ ಮಾತೇ ಚುಚ್ಚಿತು.

'ನಿನ್ನ ತಲೆಗೆ ಇದೆಲ್ಲ ಹತ್ತಲ್ಲ ಕಣೆ...' ಗಂಡನ ಬಾಯಿಂದ ಏಳು ವರ್ಷ ಕೇಳಿದ್ದ ಮಾತು, ಈಗ ಬೇರೆ ದನಿಯಲ್ಲಿ, ಮರ್ಯಾದೆಯಿಂದ ಬಂದ ಹಾಗಿತ್ತು.

ಅವಳು ಫೋನಿಟ್ಟುಬಿಟ್ಟಳು.

ಒಂದೇ ಜಡೆಯಲ್ಲಿ ನಿಂತಿದ್ದ ಅಮೂಲ್ಯ ಫೋನನ್ನೇ ನೋಡುತ್ತಾ ಬಾಯಿ ತೆರೆದಳು.

"ಏನ್ ಪುಟ್ಟಿ?"

"...ಏನಿಲ್ಲ."

ಏಳು ವರ್ಷದ ಮಗು ಯಾವಾಗಲೂ ಹೀಗೆಯೇ. ಎರಡು ವರ್ಷದ ಹಿಂದೆ, ಮೂರೂ ನಾಲ್ಕೂ ಕೂಡಿದ್ದು ತಪ್ಪಾಯಿತೆಂದು ಅವಳಪ್ಪ ಸ್ಲೇಟನ್ನು ಗೋಡೆಗೆ ಎಸೆದಿದ್ದ. ಆ ವಾರವೇ ತನುಶ್ರೀ ಮಗಳನ್ನೆತ್ತಿಕೊಂಡು ತವರಿಗೆ ಬಂದಿದ್ದಳು. ಆದರೆ ಆ ದಿನದಿಂದ ಅಮೂಲ್ಯ ಯಾರನ್ನೂ ಏನನ್ನೂ ಕೇಳುತ್ತಿರಲಿಲ್ಲ. ಕೇಳಲು ಬಾಯಿ ತೆರೆಯುವಳು, ಮುಚ್ಚುವಳು.

ಮೂರು ದಿನಕ್ಕೆ ಅದೇ ಪಾಠದ ಹೊಸ ವಿಡಿಯೋ ಬಂತು. ಇನ್ನಷ್ಟು ನಿಧಾನ, ಇನ್ನಷ್ಟು ಬಿಡಿಸಿ ಹೇಳಿದ್ದು. ಅದರ ಕೆಳಗೊಂದು ಸಾಲು: 'ಕೇಳಲು ಸಂಕೋಚ ಪಡುವ ಒಬ್ಬರಿಗಾಗಿ.'

"ಯಾರ್ ಮಾರಾಯ್ತಿ ಆ ಒಬ್ಬರು?" ಬಸ್ಸಿನಲ್ಲಿ ಪಕ್ಕ ಕೂತಿದ್ದ ಸಹಪಾಠಿ ಅನುಷಾ ನಕ್ಕಳು. "ನಮಗೆಲ್ಲ ಇಷ್ಟು ಸ್ಪೆಷಲ್ಲಾಗಿ ಯಾರೂ ಪಾಠ ಮಾಡಲ್ಲಪ್ಪ. ಪುಣ್ಯವಂತೆ ಯಾರೋ. ಇಲ್ಲಾಂದ್ರೆ ಪೆದ್ದಿ."

"ನಂಗೇನು ಗೊತ್ತು?" ತನುಶ್ರೀ ಕಿಟಕಿಯ ಕಡೆ ತಿರುಗಿದಳು. ಕಿವಿಯವರೆಗೂ ಮುಖ ಸುಡುತ್ತಿತ್ತು.

ಅಂದಿನಿಂದ ಅವಳು ಆ ದನಿಯನ್ನು ಕೇಳಲಿಲ್ಲ. ಅದಿಲ್ಲದೆ ಗಣಿತ ಮತ್ತೆ ಗೋಡೆಯಾಯಿತು. ಕಿರುಪರೀಕ್ಷೆಯಲ್ಲಿ ಇಪ್ಪತ್ತಕ್ಕೆ ಆರು ಬಂತು.

"ಅಮ್ಮ, ನಾನು ಪರೀಕ್ಷೆಗೆ ಕೂರಲ್ಲ. ಸಾಕು ಈ ಓದು."

ಅವಳ ತಾಯಿ ಪದ್ಮಮ್ಮ ಅಕ್ಕಿ ಆರಿಸುತ್ತಿದ್ದವರು ತಲೆಯೆತ್ತಲಿಲ್ಲ.

"ಬಿಡೋದಾದ್ರೆ ಬಿಡು ತನು. ಲೆಕ್ಕ ಬರಲ್ಲ ಅಂತ ಬಿಡ್ತಿದೀಯೋ, ಆ ಫೋನು ಮಾಡಿದ ಮೇಷ್ಟ್ರ ಮೇಲಿನ ಸಿಟ್ಟಿಗೆ ಬಿಡ್ತಿದೀಯೋ, ಅದನ್ನ ಮಾತ್ರ ಮೊದಲು ತಿಳ್ಕೋ. ಸಿಟ್ಟು ಇಷ್ಟು ದಿನ ಇದೆ ಅಂದ್ರೆ ಅವರ ಮೇಲೆ ಬೇರೆ ಏನೋ ಇತ್ತು ಅಂತ."

"ಅಮ್ಮ, ಸುಮ್ನಿರು."

ಭಾನುವಾರ ಮಧ್ಯಾಹ್ನ ತನುಶ್ರೀ ಮಹಡಿಯ ಮೇಲೆ ಸಂಡಿಗೆ ಇಡುತ್ತಿದ್ದಳು. ಬಟ್ಟೆ ಸಾಲದೆ ಇನ್ನೊಂದು ಪಂಚೆ ತರಲು ಕೆಳಗಿಳಿದಾಗ ಬೀರುವಿನ ಹಿಂದಿನಿಂದ ಅದೇ ದನಿ ಕೇಳಿಸಿತು.

"ಅಯ್ಯೋ, ಇಲ್ಲಿ ಮೈನಸ್ ಮರೆತೆ. ತಪ್ಪು ನನ್ನದೇ. ಪರವಾಗಿಲ್ಲ... ಅಳಿಸೋಣ, ಮತ್ತೆ ಬರೆಯೋಣ."

ನಿಂತಿತು. ಮತ್ತೆ ಮೊದಲಿಂದ.

"ಅಯ್ಯೋ, ಇಲ್ಲಿ ಮೈನಸ್ ಮರೆತೆ..."

ತನುಶ್ರೀ ಇಣುಕಿದಳು. ಗೋಡೆಗೂ ಬೀರುವಿಗೂ ನಡುವಿನ ಸಂದಿಯಲ್ಲಿ ಅಮೂಲ್ಯ ಮುದುಡಿ ಕೂತಿದ್ದಳು. ಆ ಮಾತಿನ ಜೊತೆ ಅವಳ ತುಟಿಗಳೂ ಅಲುಗುತ್ತಿದ್ದವು.

ಅಮ್ಮನನ್ನು ಕಂಡು ಫೋನು ಬಚ್ಚಿಟ್ಟಳು. ತನುಶ್ರೀ ಹಿಟ್ಟಿನ ಕೈಯಲ್ಲೇ ನೆಲದ ಮೇಲೆ ಕೂತಳು.

"ಬೈಯಲ್ಲ ಕಂದ. ಇದನ್ನೇ ಯಾಕೆ ನೋಡ್ತೀಯ?"

ಅಮೂಲ್ಯ ಬಚ್ಚಿಟ್ಟ ಫೋನನ್ನು ಮೆಲ್ಲಗೆ ಹೊರತೆಗೆದಳು.

"ಮೈನಸ್ ಮಾಮ ತಪ್ಪು ಮಾಡ್ತಾರಮ್ಮ... ಆದ್ರೂ ಯಾರೂ ಕೂಗಾಡಲ್ಲ."

ತನುಶ್ರೀ ಮಗಳನ್ನು ಎದೆಗೊತ್ತಿಕೊಂಡಳು. ಮೇಲೆ ಸಂಡಿಗೆ ಹಿಟ್ಟು ಗಟ್ಟಿಯಾಗುತ್ತಿತ್ತು. ಅವಳಿಗೆ ಏಳಲು ಮನಸ್ಸಾಗಲಿಲ್ಲ.

ಮರುದಿನ ಮಗಳನ್ನೂ ಕರೆದುಕೊಂಡೇ ಶಿವಮೊಗ್ಗಕ್ಕೆ ಹೋದಳು. ಲೈಬ್ರರಿಯ ಹಿಂದಿನ ಇಕ್ಕಟ್ಟು ಕೋಣೆ, ಎರಡು ಕಂಪ್ಯೂಟರು. ಎಡಗೈ ಬೆರಳುಗಳಿಗೆಲ್ಲ ನೀಲಿ ಶಾಯಿ ಮೆತ್ತಿಕೊಂಡ, ಮೂವತ್ತರ ಆಸುಪಾಸಿನ ತೆಳ್ಳನೆಯ ಮನುಷ್ಯ ಎದ್ದು ನಿಂತ.

ಅವಳು ಎಲ್ಲವನ್ನೂ ಹೇಳಿದಳು. ವಸಂತ್ ನಡುವೆ ಬಾಯಿ ಹಾಕದೆ ಕೇಳಿದ.

"ನಿಮಗೆ ಅರ್ಥ ಆಗಿತ್ತು, ಹಾಗಾದ್ರೆ."

"ಆಗಿತ್ತು."

"ನೀವು ಹೇಳಿದ್ರಿ ಕೂಡ. ನಾನು ಕಂಪ್ಯೂಟರನ್ನ ನಂಬಿದೆ, ನಿಮ್ಮ ಮಾತು ನಂಬಲಿಲ್ಲ." ಅವನು ತಲೆ ತಗ್ಗಿಸಿದ. "ತಪ್ಪು ನನ್ನದೇ ತನುಶ್ರೀ ಅವರೇ. ಕ್ಷಮಿಸಿ."

ಅಲ್ಲೇ ಕೂತು ವಿಡಿಯೋದ ಕೆಳಗಿದ್ದ ಆ ಸಾಲನ್ನು ಅಳಿಸಿದ. ಅಮ್ಮನ ವೇಲಿನ ಹಿಂದಿನಿಂದ ಅಮೂಲ್ಯ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು.

"ವಿಡಿಯೋದಲ್ಲಿ ಆ ತಪ್ಪನ್ನ ಕತ್ತರಿಸಬಹುದಿತ್ತಲ್ವಾ ಸರ್?" ತನುಶ್ರೀ ಕೇಳಿದಳು.

"ಕತ್ತರಿಸೋಕೆ ಅಂತಲೇ ಕೂತಿದ್ದೆ. ಆದ್ರೆ... ಕುಂಸಿಯಂಥ ಹಳ್ಳಿಯಿಂದ ಬಂದು ಮೊದಲ ವರ್ಷ ಗಣಿತದಲ್ಲೇ ಫೇಲಾದವನು ನಾನು. ಮೇಷ್ಟ್ರು ಬೋರ್ಡ್ ಮೇಲೆ ಒಂದ್ಸಲನೂ ತಪ್ಪು ಮಾಡ್ತಿರಲಿಲ್ಲ. ತಪ್ಪು ಮಾಡೋನು ಲೋಕದಲ್ಲಿ ನಾನೊಬ್ಬನೇ ಅಂದ್ಕೊಂಡಿದ್ದೆ. ಅದಕ್ಕೇ ಬಿಟ್ಟೆ."

'ಇಂಥವರೂ ಇರ್ತಾರಾ...' ಎಂದು ತನುಶ್ರೀಯ ಮನಸ್ಸು ಕೇಳಿಕೊಂಡಿತು.

ಅವಳು ಪರೀಕ್ಷೆಗೆ ಕೂತಳು. ಪಾಸಾದಳು. ಮುಂದಿನ ವರ್ಷ ಪ್ರತಿ ವಿಡಿಯೋಗೂ ಇಂಗ್ಲಿಷ್ ಪದಗಳ ಕನ್ನಡ ಪಟ್ಟಿ ಮಾಡಿಕೊಟ್ಟಳು. ಓದುವವರು ಎಲ್ಲಿ ಎಡವುತ್ತಾರೆಂದು ಅವಳೇ ಅವನಿಗೆ ಹೇಳಿಕೊಟ್ಟಳು. ಅವನು ಬರೆದುಕೊಳ್ಳುತ್ತಿದ್ದ. ಕಂಪ್ಯೂಟರ್ ಏನೇ ತೋರಿಸಲಿ, ಯಾರಿಗೇ ಫೋನು ಮಾಡಿದರೂ, "ನಿಮಗೆ ಹೇಗನಿಸ್ತಿದೆ ಹೇಳಿ" ಎಂದೇ ಈಗ ಶುರುಮಾಡುತ್ತಿದ್ದ. ಪ್ರತಿ ಸಲ ಅವಳಿಗೆ ಅವನ ಮೇಲಿನ ಗೌರವ ಇನ್ನೊಂದು ಹಿಡಿ ಹೆಚ್ಚುತ್ತಿತ್ತು. ಗೌರವ ಎಲ್ಲಿ ಮುಗಿದು ಪ್ರೀತಿ ಎಲ್ಲಿ ಶುರುವಾಯಿತೋ, ಅವಳಿಗೂ ತಿಳಿಯಲಿಲ್ಲ.

ಕೊನೆಯ ಫಲಿತಾಂಶ ಬಂದ ಶನಿವಾರ ವಸಂತ್ ಭದ್ರಾವತಿಯ ಮನೆಗೆ ಬಂದ. ಪದ್ಮಮ್ಮ ಕಾಫಿ ಕೊಟ್ಟು, "ಒಲೆ ಮೇಲೆ ಹಾಲಿದೆ" ಎಂದು ಒಳಗೆ ಹೋದರು. ಹಾಲು ಅದಾಗಲೇ ಕಾದಿತ್ತು.

"ನೀವು ನನ್ನ ಹತ್ರ ಕಲಿಯೋಕೆ ಬರ್ತಿದ್ದಷ್ಟು ದಿನ ಕೇಳಬಾರದು ಅಂತಿದ್ದೆ," ಎಂದ ವಸಂತ್. "ಈಗ ಕೋರ್ಸ್ ಮುಗೀತು. ತನುಶ್ರೀ... ನನ್ನನ್ನ ಮದುವೆ ಆಗ್ತೀರಾ?"

ಅವಳ ಕಣ್ಣು ತುಂಬಿ ಬಂತು.

"ನಂಗಿಷ್ಟ. ಹೇಳೋಕೆ ಭಯ ಇಲ್ಲ. ಆದ್ರೆ ಅಮ್ಮು ಇವತ್ತಿಗೂ ನಿಮ್ಮ ಹತ್ರ ಒಂದು ಮಾತಾಡಿಲ್ಲ. ಅವಳು ಹೆದರಿಕೊಂಡು ಬದುಕೋ ಮನೆ ನಂಗಿನ್ನೊಂದು ಬೇಡ. ಅವಳು ಒಪ್ಪಬೇಕು."

"ಒಪ್ಪಲೇಬೇಕು. ಕಾಯ್ತೀನಿ."

"ಎಷ್ಟು ದಿನ?"

"ಅವಳಿಗೆ ಎಷ್ಟು ಬೇಕೋ ಅಷ್ಟು."

ಅಡುಗೆಮನೆಯ ಬಾಗಿಲಲ್ಲಿ ಅಮೂಲ್ಯ ನಿಂತಿದ್ದಳು. ಯಾವಾಗಿನಿಂದ ನಿಂತಿದ್ದಳೋ. ಒಂದೊಂದೇ ಹೆಜ್ಜೆ ಇಟ್ಟು ಬಂದವಳು ಅವನಿಂದ ಒಂದು ಮಾರು ದೂರದಲ್ಲಿ ನಿಂತಳು. ವಸಂತ್ ಲೋಟ ಕೆಳಗಿಟ್ಟು, ಕುರ್ಚಿಯಿಂದಿಳಿದು ನೆಲದ ಮೇಲೆ ಕೂತ. ಹತ್ತಿರ ಕರೆಯಲಿಲ್ಲ. ಮಾತಾಡು ಎನ್ನಲಿಲ್ಲ.

ಅವಳು ಬಾಯಿ ತೆರೆದಳು. ಮುಚ್ಚಿದಳು.

"ಮಾಮ..."

"ಹೇಳಮ್ಮ."

"ನಾನು ಲೆಕ್ಕ ತಪ್ಪು ಮಾಡಿದ್ರೂ... ನೀವು ನಮ್ಮ ಜೊತೇಲೇ ಇರ್ತೀರಾ?"