ಕಥೆ ಕೇಳಲು ಬಂದದ್ದು

ಶಿಕಾರಿಪುರದಲ್ಲಿ ನಮ್ಮ ಪಕ್ಕದ ಮನೆಯ ನೀಲಾಂಬಿಕ, ತಾನು ಚಿಕ್ಕವಳಿದ್ದಾಗ ಓದಿ ಓದಿ ಸವೆಸಿದ್ದ ನರಿಕಥೆಯ ಪುಸ್ತಕವನ್ನು ಸೊರಬದ ತವರಿನಿಂದ ತಂದಳು. ಭಾನುವಾರ ಮಧ್ಯಾಹ್ನ ಮಗಳು ಸೌಂದರ್ಯಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಓದತೊಡಗಿದಳು. ಮಗು ಚೀರಿತು.

"ಅಮ್ಮಾ, ಯಾಕೆ ಚಿವುಟ್ತೀಯ?"

ನೀಲಾಂಬಿಕಳ ಎರಡೂ ಕೈ ಪುಸ್ತಕದ ಮೇಲಿದ್ದವು. ಮಗುವಿನ ತೋಳಲ್ಲಿ ಪುಟ್ಟ ಉಗುರಿನ ಗುರುತು, ರಕ್ತ ಜಿನುಗುತ್ತಿತ್ತು.

"ಯಾರೋ ತಳ್ತಾ ಇದಾರಮ್ಮಾ!" ಅಂತ ಅಳುತ್ತಾ ಮಗಳು ಕೆಳಗಿಳಿದಳು. ತೊಡೆಯ ಮೇಲಿನ ಭಾರ ಮಾತ್ರ ಇಳಿಯಲಿಲ್ಲ. ಒದ್ದೆ ಬಟ್ಟೆಯ ಹಾಗೆ ತಣ್ಣಗೆ ಅಂಟಿಕೊಂಡು ಕೂತಿತ್ತು. ಪುಸ್ತಕ ಮುಚ್ಚಹೋದರೆ ಬೆರಳನ್ನು ಏನೋ ಕಚ್ಚಿತು. ಕೊನೆಯ ಪುಟದವರೆಗೆ ಓದಿದ ಮೇಲೇ ತೊಡೆ ಹಗುರಾಯಿತು.

ಈಗಲೂ ಊಟವಾಗಿ ಆಕೆ ಕೂತರೆ ಸಾಕು, ಅದು ಬರುತ್ತದೆ. ಬಾಗಿಲು ಹಾಕಿಕೊಂಡು ಓದುತ್ತಾಳೆ. "ನಂಗೂ ಕಥೆ ಹೇಳಮ್ಮಾ" ಅಂತ ಸೌಂದರ್ಯ ಹೊರಗಿನಿಂದ ಬಾಗಿಲು ಬಡಿಯುತ್ತಾಳೆ. ನೀಲಾಂಬಿಕ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ವರ್ಷವಾಯಿತು.