ಹಿಡಿ ಅಕ್ಕಿಯ ಡಬ್ಬಿ

ರಾತ್ರಿ ಯಾರೋ ಬಾಗಿಲು ಬಡಿದರು. ತೆರೆದಾಗ ಶಾಸಕ ವಡಮಲೈಯ ಡ್ರೈವರ್ ನಿಂತಿದ್ದ.

"ಸಾಮಿ, ಐಯಾ ಕೂಪ್ಪಿಡ್ರಾರು."

ಯಜಮಾನರು ಕರೆಯುತ್ತಿದ್ದಾರೆ ಎಂಬುದಕ್ಕಿಂತ ಹೆಚ್ಚಿನದು ಡ್ರೈವರನಿಗೂ ಗೊತ್ತಿರಲಿಲ್ಲ. ಅಂಗಿ ತೊಡುವಷ್ಟು ಹೊತ್ತು ಕೊಟ್ಟ, ಅಷ್ಟೆ.

"ಯಾರು, ಇವ್ರೇ?" ಒಳಗಿನಿಂದ ಹೆಂಡತಿ ಗುಣವತಿಯ ನಿದ್ದೆಗಣ್ಣಿನ ದನಿ.

"ಹೋಟೆಲಿನ ಕೆಲಸ. ಮಲಗು ನೀನು."

ವೆಸ್ಟ್ ಮಾಂಬಲಂನಿಂದ ರಾಯಪುರಂವರೆಗೆ ಕಾರು ಎಲ್ಲೂ ನಿಲ್ಲದೆ ಓಡಿತು. ಕರೆಯ ಕಾರಣ ಹಿಂದಿನ ಸೀಟಿನಲ್ಲಿ ಕೂತವನಿಗೆ ಅರ್ಧ ಗೊತ್ತಿತ್ತು. ನುಂಗಂಬಾಕ್ಕಂನ ಸಸ್ಯಾಹಾರಿ ಹೋಟೆಲೊಂದರಲ್ಲಿ ಹದಿನಾರು ವರ್ಷದಿಂದ ಅವನು ಮ್ಯಾನೇಜರ್. ಧಣಿ ಪಂಢರಿನಾಥರು ಉಡುಪಿ ಕಡೆಯ ಊರಿನಲ್ಲೇ ಇದ್ದುಬಿಟ್ಟದ್ದರಿಂದ ಗಲ್ಲಾಪೆಟ್ಟಿಗೆ, ಅಡುಗೆಮನೆ, ಬಿಲ್ಲು, ಎಲ್ಲಕ್ಕೂ ಅವನೇ ದಿಕ್ಕು. ಕೆಲಸದವರಿಗೆ ಅವನು ಮ್ಯಾನೇಜರ್, ತಮಿಳು ಗಿರಾಕಿಗಳಿಗೆ ಸಾಮಿ. ಹೆಸರು ಹಿಡಿದು ಕರೆಯುವವರು ಊರಿನಲ್ಲಷ್ಟೇ ಉಳಿದಿದ್ದರು. ಆ ಹೆಸರಿಗೆ ಅಲ್ಲಿ ಇನ್ನೂ ಬೆಲೆಯಿತ್ತು. ಮದರಾಸಿಗೆ ಹೋಗಿ ಮಾನವಾಗಿ ಬದುಕಿದವನು ಎಂದು ಅವನನ್ನೇ ಮಕ್ಕಳಿಗೆ ತೋರಿಸುತ್ತಿದ್ದರು.

ವಡಮಲೈ ತನ್ನ ಕ್ಷೇತ್ರದ ಅತಿಥಿಗಳಿಗೆ ಊಟೋಪಚಾರ ಮಾಡಿಸಿದ್ದಾಗಿ ಸರ್ಕಾರದಿಂದ ಹಣ ಪಡೆಯುತ್ತಿದ್ದ. ಆ ಬಿಲ್ಲುಗಳೆಲ್ಲ ಹುಟ್ಟುತ್ತಿದ್ದದ್ದು ಇವನ ಮೇಜಿನಲ್ಲಿ. ಅತಿಥಿಗಳೂ ಇರಲಿಲ್ಲ, ಊಟವೂ ಇರಲಿಲ್ಲ. ಬರೆದ ಕೈಗೆ ಸಣ್ಣದೊಂದು ಪಾಲು ಸಿಗುತ್ತಿತ್ತು. ಅದನ್ನು ಅವನು ಎಂದೂ ಲಂಚವೆಂದು ಭಾವಿಸಿರಲಿಲ್ಲ, ಕೈಬರಹದ ಕೂಲಿ ಎಂದುಕೊಂಡಿದ್ದ. ಹಿಂದಿನ ತಿಂಗಳು ಪತ್ರಿಕೆಯೊಂದು ಅದರಲ್ಲೊಂದು ಬಿಲ್ಲನ್ನು ಅಚ್ಚು ಹಾಕಿತು. ಒಂದೇ ಬೆಳಿಗ್ಗೆ ನಾನೂರು ಮಸಾಲೆ ದೋಸೆ.

ಊರಿಗೆ ಊರೇ ಉರಿದೆದ್ದಿತು. ನಲ್ಲಿ ನೀರಿಗೂ ತೆರಿಗೆ ಕಟ್ಟುವ ಜನ ಆ ದೋಸೆಯ ಲೆಕ್ಕವನ್ನು ಮರೆಯಲೊಲ್ಲರು. ರೇಷನ್ ಅಂಗಡಿಯ ಸಾಲಿನಿಂದ ಎದ್ದು ಬಂದ ಮುದುಕಿಯೊಬ್ಬಳು, ಪೊಂಗಲ್ ಹಬ್ಬಕ್ಕೆ ವಡಮಲೈ ಮನೆಮನೆಗೆ ಹಂಚಿದ್ದ ಸ್ಟೀಲ್ ಡಬ್ಬಿಯಲ್ಲಿ ಹಿಡಿ ಅಕ್ಕಿ ಹಾಕಿ ಅವನ ಕಚೇರಿಯ ಗೇಟಿನ ಮುಂದಿಟ್ಟಳು. "ಪಾಪ, ನಾನೂರು ತಿಂದರೂ ಹೊಟ್ಟೆ ತುಂಬಿಲ್ಲ. ಭಿಕ್ಷೆ ಹಾಕಿದ್ದೇನೆ," ಎಂದಳು. ಮರುದಿನ ಇಪ್ಪತ್ತು ಡಬ್ಬಿ ಬಂದವು. ವಾರ ಕಳೆಯುವುದರೊಳಗೆ ಗೇಟಿನ ಮುಂದೆ ಡಬ್ಬಿಗಳ ಗುಡ್ಡೆಯೇ ಎದ್ದಿತು. ಪ್ರತಿ ಮುಚ್ಚಳದ ಮೇಲೂ ವಡಮಲೈಯ ಹೆಸರು ಯಂತ್ರದಲ್ಲಿ ಒತ್ತಿತ್ತು. ಒಳಗೆ ಹಿಡಿ ಅಕ್ಕಿ.

ಆ ರಾತ್ರಿ ಕಾರು ಆ ಗುಡ್ಡೆಯನ್ನು ಬಳಸಿಕೊಂಡೇ ಒಳಗೆ ಹೋಯಿತು.

ವಡಮಲೈ ಈಸಿಚೇರಿನಲ್ಲಿ ಕಾಲು ಚಾಚಿದ್ದ. ಡ್ರೈವರನನ್ನು ಹೊರಗೆ ಕಳುಹಿಸಿ ಬಾಗಿಲು ಹಾಕಿಸಿದ.

"ವಿಚಾರಣೆ ಬರ್ತಿದೆ ಸಾಮಿ. ನಾನು ತರಿಸಿದ್ದು ನಾಲ್ಕು ದೋಸೆ. ಎರಡು ಸೊನ್ನೆ ಸೇರಿಸಿ ದುಡ್ಡು ಹೊಡೆದದ್ದು ನೀನು. ಹಾಗಂತ ಒಪ್ಪಿಕೋ."

"ಐಯಾ, ನಾನು ಸಂಸಾರಸ್ಥ."

"ಸಂಸಾರಸ್ಥರೇ ಜೈಲಿನಲ್ಲಿ ಸರಿಯಾಗಿರೋದು. ಒಂದು ವರ್ಷ ಕಣ್ಣು ಮುಚ್ಚಿ ಕೂತು ಬಾ. ಆಮೇಲೆ ನಾನಿದ್ದೇನೆ." ವಡಮಲೈ ಆಕಳಿಸಿದ. "ಮುಂದಿನ ತಿಂಗಳು ಪತ್ರಿಕೆಯವರನ್ನು ಕರೆದು ನಿನ್ನ ಹೆಸರು ಕೊಡ್ತೇನೆ. ಅಂದ ಹಾಗೆ, ಹೆಸರೇನೋ ನಿನ್ನದು? ಇರಲಿ ಬಿಡು, ಆವಾಗ ಹೇಳಿದರೆ ಸಾಕು."

ಹತ್ತು ವರ್ಷ ತನ್ನ ಕೈಯಿಂದ ಬಿಲ್ಲು ಬರೆಸಿಕೊಂಡವನಿಗೆ ತನ್ನ ಹೆಸರೇ ತಿಳಿದಿರಲಿಲ್ಲ. ತಿಳಿಯುವುದು, ಊರಿಗೆಲ್ಲ ಕಳ್ಳನೆಂದು ಸಾರುವ ದಿನ. ಹಿಂತಿರುಗುವಾಗ ಕಾರಿನ ದೀಪದ ಬೆಳಕು ಆ ಡಬ್ಬಿಗಳ ಮೇಲೆ ಬಿದ್ದು ಚದುರಿತು. ಅವನ ಯೋಜನೆ ಅಲ್ಲೇ, ಆ ಬೆಳಕಿನಲ್ಲೇ, ಮುಕ್ಕಾಲು ಪಾಲು ಸಿದ್ಧವಾಯಿತು. ಸತ್ತವನು ಪತ್ರಿಕೆಯವರಿಗೆ ಹೆಸರು ಕೊಡಲಾರ. ಊರೇ ಸಿಟ್ಟಾಗಿರುವಾಗ ಒಬ್ಬನ ಸಿಟ್ಟನ್ನು ಹುಡುಕುವವರು ಯಾರು? ಹೆಣದ ಪಕ್ಕದಲ್ಲಿ ಅಂಥದ್ದೇ ಒಂದು ಡಬ್ಬಿ, ಒಳಗೆ ಹಿಡಿ ಅಕ್ಕಿ. ಪೊಲೀಸರು ಸಾವಿರಾರು ಬಾಗಿಲು ತಟ್ಟಬೇಕಾಗುತ್ತದೆ. ಅವುಗಳಲ್ಲಿ ಅವನ ಬಾಗಿಲು ಇರುವುದಿಲ್ಲ. ತನ್ನನ್ನು ಏಕೆ ಕರೆಸಿದ್ದೆಂದು ಡ್ರೈವರನಿಗೆ ತಿಳಿಯದು. ಆ ತಿಂಗಳು ಅವನು ಹೀಗೆ ಎಷ್ಟೋ ಜನರನ್ನು ಹೊತ್ತು ತಂದಿದ್ದ.

ಡಬ್ಬಿಗೆ ಪರದಾಡಬೇಕಿರಲಿಲ್ಲ. ಪೊಂಗಲ್‌ಗೆ ಹಂಚುವ ಡಬ್ಬಿಗಳಲ್ಲಿ ಸಿಹಿ ತುಂಬಿಕೊಟ್ಟದ್ದು ಅವನ ಹೋಟೆಲೇ. ಉಳಿದಿದ್ದ ಒಂದನ್ನು ಗುಣವತಿ ಮನೆಗೆ ತರಿಸಿಕೊಂಡಿದ್ದಳು. ಅವಳು ದೇವಸ್ಥಾನಕ್ಕೆ ಹೋದ ಹೊತ್ತು ನೋಡಿ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ಪರೀಕ್ಷಿಸಿದ. ಮುಚ್ಚಳದ ಮೇಲೆ ವಡಮಲೈಯ ಹೆಸರು ಬಿಟ್ಟರೆ ಮೈಯೆಲ್ಲ ಕನ್ನಡಿಯಂತೆ ಬೋಳು. ತಳವೂ ಅಷ್ಟೇ. ಬಳಸಿದರೆ ಗೀರು ಬಿದ್ದೀತೆಂದು ಅದನ್ನು ಶೆಲ್ಫಿನ ಹಿಂಬದಿಗೆ ಸರಿಸಿಟ್ಟ.

ಇನ್ನು ಬೇಕಾದದ್ದು, ಆ ಹೊತ್ತಿನಲ್ಲಿ ತಾನು ಬೇರೆಲ್ಲೋ ಇದ್ದೆ ಎನ್ನುವುದಕ್ಕೆ ಸಾಕ್ಷಿ. ಅದನ್ನು ಕನ್ನಡ ಸಂಘ ಕೊಡಲಿತ್ತು. ಆ ತಿಂಗಳ ಕೊನೆಯ ಭಾನುವಾರ ವೆಸ್ಟ್ ಮಾಂಬಲಂನ ಚಿಕ್ಕ ಸಭಾಂಗಣದಲ್ಲಿ ಸಂಘದ ವಾರ್ಷಿಕ ತಾಳಮದ್ದಳೆ: ಮೊದಲು ಊಟ, ಆಮೇಲೆ ಕೃಷ್ಣ ಕೌರವರ ವಾದ. ಪ್ರತಿ ವರ್ಷ ಊಟ ಬರುತ್ತಿದ್ದದ್ದು ಅವನ ಹೋಟೆಲಿನಿಂದ. ಹಾಗಾದರೆ ಬಡಿಸುವುದರಿಂದ ಹಿಡಿದು ಪಾತ್ರೆ ಎಣಿಸುವ ತನಕ ಅವನು ಅಲ್ಲಿಂದ ಕದಲುವಂತಿಲ್ಲ. ಆದ್ದರಿಂದ ಸಭೆಯಲ್ಲಿ ಅವನೇ ಸಲಹೆ ಕೊಟ್ಟ: ಈ ಸಲ ಹೋಟೆಲಿನ ಊಟ ಬೇಡ, ಮನೆಗೊಂದರಂತೆ ಅಡುಗೆ ಮಾಡಿ ತರಲಿ, ಒಟ್ಟಿಗೆ ಕೂತು ಉಣ್ಣೋಣ.

ಕಾರ್ಯದರ್ಶಿ ಕಿಟ್ಟಣ್ಣ ಕನ್ನಡಕದ ಮೇಲಿನಿಂದ ನೋಡಿದ. "ಹೋಟೆಲಿನ ಮ್ಯಾನೇಜರೇ ಬೇರೆಯವರ ಮನೆ ಸಾರು ಕೇಳ್ತಾರೆ ಅಂದ್ರೆ, ಅಲ್ಲಿಯ ಸಾಂಬಾರಿನ ಅವಸ್ಥೆ ಎಂಥ ಇರಬಹುದು ಮಾರಾಯ್ರೆ?"

ಎಲ್ಲರೂ ನಕ್ಕರು. ಅವನೂ ನಕ್ಕ. ಸಲಹೆ ಒಪ್ಪಿಗೆಯಾಯಿತು.

ಆ ವಾರವೆಲ್ಲ ಹೆಂಗಸರಲ್ಲಿ ಅದೇ ಸುದ್ದಿ. ಗುಣವತಿ ಪತ್ರೊಡೆ ಮಾಡುವುದೆಂದು ನಿಶ್ಚಯಿಸಿ ಕೆಸುವಿನ ಎಲೆಗಾಗಿ ಮಾರುಕಟ್ಟೆ ಜಾಲಾಡಿದಳು. "ಹೋದ ಸಲ ಶ್ರಾದ್ಧದ ಮನೆಗೆ ಕೊಟ್ಟ ನನ್ನ ಬೋಗುಣಿ ಇನ್ನೂ ಬರಲಿಲ್ಲ, ಗೊತ್ತುಂಟಾ ನಿಮಗೆ?" ಎಂದು ಊಟದ ಹೊತ್ತಿನಲ್ಲಿ ಗೊಣಗಿದಳು. ಅವನು ಹೂಂಗುಟ್ಟಿದ. ಅವನ ಮನಸ್ಸು ರಾಯಪುರಂ ಕಚೇರಿಯ ಹಿತ್ತಲ ಬಾಗಿಲಿನಲ್ಲಿತ್ತು. ಸಂಜೆ ಮನೆಗೆ ಬರುವಾಗ ಓಣಿಯ ತಿರುವಿನ ಪಾತ್ರೆ ಅಂಗಡಿಯ ಮುಂದೆ ಯಾರೋ ಉಕ್ಕಿನ ಮೇಲೆ ಟಕಟಕ ಕುಟ್ಟುತ್ತ ಕೂತಿದ್ದ. ಆ ಸದ್ದಿನ ತಾಳಕ್ಕೆ ಅವನ ಲೆಕ್ಕಾಚಾರ ಒಂದೊಂದಾಗಿ ಕೂಡಿ ಬರುತ್ತಿತ್ತು.

ಹಿತ್ತಲ ಬಾಗಿಲು ಬಂದರಿನ ಕಡೆಯ ಸಂದಿಗೆ ತೆರೆಯುತ್ತಿತ್ತು. ಅದರ ದುರಸ್ತಿಯ ಹೆಸರಿನಲ್ಲಿ ವಡಮಲೈ ಸರ್ಕಾರದಿಂದ ಎರಡು ಸಲ ಹಣ ಎತ್ತಿದ್ದ. ಚಿಲಕ ಮಾತ್ರ ಹಾಗೇ ಸಡಿಲವಾಗಿತ್ತು. ಭಾನುವಾರ ಮಧ್ಯಾಹ್ನ ಡ್ರೈವರನಿಗೆ ರಜೆ. ಪೊಲೀಸ್ ಪೇದೆ ಮುಂದಿನ ಗೇಟಿನಲ್ಲಿ ಡಬ್ಬಿಗಳನ್ನು ಕಾಯುತ್ತಿರುತ್ತಾನೆ. ವಡಮಲೈ ಉಂಡು ಹಿಂದಿನ ಕೋಣೆಯಲ್ಲಿ ಗೊರಕೆ ಹೊಡೆಯುತ್ತಾನೆ.

ಎಲ್ಲವೂ ಹಾಗೆಯೇ ನಡೆಯಿತು. ಭಾನುವಾರ ಮುಂಜಾನೆ ಅಡುಗೆಮನೆಯ ಮಬ್ಬಿನಲ್ಲಿ ಅವನು ಶೆಲ್ಫಿನ ಹಿಂದಿನಿಂದ ಡಬ್ಬಿಯನ್ನು ತೆಗೆದು, ಬಟ್ಟೆಯಿಂದ ಒಳಹೊರಗೆ ಒರೆಸಿ, ಟವೆಲಿನಲ್ಲಿ ಸುತ್ತಿ ಚೀಲಕ್ಕಿಳಿಸಿದ. ಸಂಘದಲ್ಲಿ ನಾಲ್ಕು ಜನರ ಕಣ್ಣಿಗೆ ಬೀಳುವಂತೆ ಕಿಟ್ಟಣ್ಣನ ಪಕ್ಕದಲ್ಲೇ ಉಂಡ. ಕೃಷ್ಣ ಕೌರವನ ಸಭೆಗೆ ಬಂದು ಕೂತಾಗ ಕೊನೆಯ ಸಾಲಿನ ಕುರ್ಚಿಗೆ ಶಾಲು ಹಾಕಿ ಹೊರಬಿದ್ದ. ಮಾಂಬಲಂನಲ್ಲಿ ರೈಲು ಹತ್ತಿ ಬೀಚ್ ನಿಲ್ದಾಣದಲ್ಲಿ ಇಳಿದು, ಮೀನಿನ ಬುಟ್ಟಿಗಳ ನಡುವೆ ತಲೆ ತಗ್ಗಿಸಿ ನಡೆದ. ಚಿಲಕ ಒಂದೇ ನೂಕಿಗೆ ಸರಿಯಿತು. ಕೈಗೆ ಪ್ಲಾಸ್ಟಿಕ್ ಕವರು ಸುತ್ತಿಕೊಂಡು, ಮಲಗಿದವನ ತಲೆಯಡಿಯ ದಿಂಬನ್ನೇ ಎಳೆದು ಮುಖಕ್ಕೆ ಒತ್ತಿ ಹಿಡಿದ. ವಡಮಲೈಯ ಕಾಲು ಮಂಚಕ್ಕೆ ಬಡಿಯಿತು, ಬೆರಳುಗಳು ಹಾಸಿಗೆಯನ್ನು ಪರಚಿದವು, ಆಮೇಲೆ ನಿಂತವು. ಅವನು ಅಂದುಕೊಂಡದ್ದಕ್ಕಿಂತ ಅದು ನಿಧಾನದ ಕೆಲಸ. ಡಬ್ಬಿಗೆ ಹಿಡಿ ಅಕ್ಕಿ ಸುರಿದು ಹೆಣದ ಎದೆಯ ಮೇಲಿಟ್ಟು ಬಂದ.

ಸಭಾಂಗಣಕ್ಕೆ ಮರಳಿದಾಗ ಶಾಲು ಹಾಕಿದಲ್ಲೇ ಇತ್ತು. ಕೃಷ್ಣ ಇನ್ನೂ ಕೌರವನಿಗೆ ಬುದ್ಧಿ ಹೇಳುತ್ತಲೇ ಇದ್ದ. ಮುಂದಿನ ಸಾಲಿನಲ್ಲಿ ತೂಕಡಿಸುತ್ತಿದ್ದ ಕಿಟ್ಟಣ್ಣ ಕಣ್ಣು ತೆರೆದು ಹಿಂದಕ್ಕೆ ತಿರುಗಿ, "ಒಳ್ಳೆ ಅರ್ಥ ಹೇಳಿದ, ಅಲ್ವಾ ಮ್ಯಾನೇಜರೇ?" ಎಂದ.

"ಭಾರೀ ಹೇಳಿದ," ಎಂದ ಅವನು.

ಮುಂದಿನ ಎರಡು ದಿನ ಪೊಲೀಸರು ಅವನು ಬರೆದಿಟ್ಟಂತೆಯೇ ನಡೆದರು. ಡಬ್ಬಿ ತಂದಿಟ್ಟ ಮುದುಕಿಯನ್ನು ಠಾಣೆಯ ಬೆಂಚಿನ ಮೇಲೆ ಕೂರಿಸಿದರು. ಮೀನುಗಾರರ ಕೇರಿಯಿಂದ ಹಿಡಿದೊಯ್ದ ಯುವಕರಲ್ಲಿ ಒಬ್ಬನ ಕೈ ಮುರಿಯಿತೆಂದು ಪತ್ರಿಕೆ ಬರೆಯಿತು. ಅವನು ಅದನ್ನು ಗಲ್ಲಾದಲ್ಲಿ ಕೂತು ಓದಿ, ಮಡಿಸಿ, ಗಿರಾಕಿಗೆ ಚಿಲ್ಲರೆ ಎಣಿಸಿ ಕೊಟ್ಟ. ಮುರಿದ ಕೈ ಕೂಡಿಕೊಳ್ಳುತ್ತದೆ. ಹೋದ ಹೆಸರು ಕೂಡಿಕೊಳ್ಳುವುದಿಲ್ಲ.

"ಇವ್ರೇ, ನಮ್ಮದೊಂದು ಡಬ್ಬಿ ಕಾಣುದಿಲ್ಲ," ಎಂದಳು ಗುಣವತಿ ಆ ರಾತ್ರಿ.

"ಸಂಘದ ಊಟದಲ್ಲಿ ಯಾರದೋ ಜೊತೆ ಸೇರಿರಬೇಕು."

"ಸೇರಿದ್ರೂ ಬರ್ತದೆ ಬಿಡಿ. ಈ ಸಲ ನಾನು ಹೆದರುದಿಲ್ಲ."

ಅವಳು ಏಕೆ ಹೆದರುವುದಿಲ್ಲವೆಂದು ಕೇಳುವುದು ಅವನಿಗೆ ಹೊಳೆಯಲಿಲ್ಲ.

ಬುಧವಾರ ಬೆಳಿಗ್ಗೆ ಅವನು ಹೋಟೆಲಿಗೆ ಹೊರಡುವ ಹೊತ್ತಿಗೆ ಬಾಗಿಲು ಬಡಿದ ಸದ್ದಾಯಿತು. ಹೋಟೆಲಿಗೆ ಪೊಂಗಲ್ ತಿನ್ನಲು ಬರುತ್ತಿದ್ದ ಇನ್ಸ್‌ಪೆಕ್ಟರ್ ಷಣ್ಮುಗಂ, ಮುಖದಲ್ಲಿ ಸಂಕೋಚದ ನಗೆ.

"ಮನೆ ತನಕ ಬಂದು ತೊಂದರೆ ಕೊಡ್ತಿದ್ದೇನೆ ಸಾಮಿ. ನನಗೆ ಗೊತ್ತಿರುವ ಕನ್ನಡದವರು ನೀವೊಬ್ಬರೇ." ಚೀಲದಿಂದ ಡಬ್ಬಿ ತೆಗೆದು ಮೇಜಿನ ಮೇಲೆ ಬೋರಲು ಹಾಕಿದ. ತಳದ ಅಂಚಿಗೆ, ಸಾಸಿವೆಯಷ್ಟು ಸಣ್ಣ ಚುಕ್ಕಿಗಳಲ್ಲಿ ಏನೋ ಕೊರೆದಿತ್ತು. "ಗೀರು ಅಂದುಕೊಂಡಿದ್ದೆವು. ನಿನ್ನೆ ನಮ್ಮ ತೆಲುಗು ಕಾನ್‌ಸ್ಟೇಬಲ್ ನೋಡಿ, ನಮ್ಮ ಅಕ್ಷರದ ಹಾಗೇ ಉಂಟು, ಆದರೆ ನಮ್ಮದಲ್ಲ, ಕನ್ನಡ ಇರಬೇಕು ಅಂದ. ಏನು ಬರೆದಿದೆ, ಸ್ವಲ್ಪ ಓದಿ ಹೇಳಿ."

ಅವನು ಓದಿದ. ಕಿಟಕಿಯ ಬೆಳಕಿನಲ್ಲಿ ಬೋಳಾಗಿದ್ದ ತಳ ಅದೇ. ಮುಖ ಅಲುಗಲಿಲ್ಲ. ಹದಿನಾರು ವರ್ಷ ಗಲ್ಲಾದಲ್ಲಿ ಕೂತ ಮುಖ ಅದು. ಈ ಊರಿನ ಪೊಲೀಸರಿಗೆ ಕನ್ನಡ ಬಾರದು. ತಾನು ಹೇಳಿದ್ದೇ ಬರಹ.

"ಕಿಟ್ಟಣ್ಣ," ಎಂದ. "ಕಿಟ್ಟಣ್ಣ ಅಂತ ಬರೆದಿದೆ."

ಷಣ್ಮುಗಂ ಜೇಬಿನಿಂದ ಪೆನ್ನು ತೆಗೆದು ಬರೆದುಕೊಳ್ಳತೊಡಗಿದ. ಆಗ ಗುಣವತಿ ಕಾಫಿ ಲೋಟ ಹಿಡಿದು ಬಂದಳು.

"ಅಯ್ಯೋ, ನಮ್ಮ ಡಬ್ಬಿ ಅಲ್ವಾ ಇದು?" ತನ್ನ ಹರಕು ತಮಿಳಿನಲ್ಲಿ ಅವಳು ಇನ್ಸ್‌ಪೆಕ್ಟರನಿಗೇ ಹೇಳಿದಳು, ಮುಖವೆಲ್ಲ ಅರಳಿತ್ತು. "ಬರ್ತದೆ ಅಂತ ನಾನು ಹೇಳಿದ್ದೆ. ಮನೆಮನೆ ಊಟ ಅಂದ್ರೆ ಪಾತ್ರೆಗಳೆಲ್ಲ ಅದಲುಬದಲು ಆಗ್ತದೆ ನೋಡಿ ಸಾರ್. ಅದಕ್ಕೇ ಆ ವಾರ ಶೆಲ್ಫಿನಲ್ಲಿದ್ದದ್ದನ್ನೆಲ್ಲ ತೆಗೆದು, ಅಂಗಡಿ ಮುಂದೆ ಕುಟ್ಟುವವನ ಹತ್ರ ಹೆಸರು ಹಾಕಿಸಿದೆ. ಇಲ್ಲಿ ಎಲ್ಲರದ್ದೂ ತಮಿಳು, ನಮ್ಮದು ಕನ್ನಡದಲ್ಲಿದ್ರೆ ಬೇಗ ಗುರ್ತ ಸಿಗ್ತದಲ್ಲ, ನಾನೇ ಚೀಟಿಯಲ್ಲಿ ಬರೆದುಕೊಟ್ಟೆ. ಭಾನುವಾರ ಬೆಳಿಗ್ಗೆ ಇವ್ರು ಟವೆಲಿನಲ್ಲಿ ಸುತ್ತಿ ತಕೊಂಡು ಹೋದದ್ದನ್ನು ಕಂಡಿದ್ದೆ, ಊಟಕ್ಕೆ ಅಂತ ಸುಮ್ಮನಾದೆ." ಷಣ್ಮುಗಂನ ಪೆನ್ನು ನಿಂತಿತು. ಅವನು ಡಬ್ಬಿಯನ್ನು ಅವಳ ಕಡೆಗೆ ತಿರುಗಿಸಿ, ಏನಮ್ಮ ಬರೆಸಿದ್ದೀರಿ ಎಂದು ಮೆಲ್ಲಗೆ ಕೇಳಿದ. ಅವಳು ಸೆರಗು ಎಳೆದುಕೊಂಡು ನಾಚಿ ನಕ್ಕಳು. "ಗಂಡನ ಹೆಸರು ಬಾಯಲ್ಲಿ ಹೇಳುವ ಕ್ರಮ ಇಲ್ಲ ಸಾರ್ ನಮ್ಮಲ್ಲಿ. ಇವ್ರೇ ಹೇಳಲಿ." ಇನ್ಸ್‌ಪೆಕ್ಟರ್ ಬರೆದದ್ದನ್ನು ಹೊಡೆದು ಹಾಕಿ, ಪೆನ್ನನ್ನು ಹಾಳೆಯ ಮೇಲಿಟ್ಟು, ಅವನ ಮುಖವನ್ನೇ ನೋಡುತ್ತ ಕಾದ.

"ಮೋನಪ್ಪ."