ತುಳೀಬೇಡಿ, ಹಾಳಾಗುತ್ತೆ

ಬೆಟ್ಟಗಳಿಗೆ ಇನ್ನೂ ಯಾರೂ ಹೆಸರಿಡದ ಕಾಲ ಅದು. ಆಗ ಜಿಗಿನಾಡು ಅಂತ ಒಂದು ರಾಜ್ಯ ಇತ್ತು. ಅದಕ್ಕೊಬ್ಬ ರಾಜ, ಹೆಸರು ಬಿಂಕರಾಯ. ಕೆಟ್ಟೋನೇನಲ್ಲ. ಆದ್ರೆ ಕೊನೇಲಿ ಯಾರು ಮಾತಾಡಿದ್ರೋ ಅವ್ರು ಹೇಳಿದ್ದೇ ಸರಿ ಅನ್ನೋ ಆಸಾಮಿ.

ಒಂದಿನ ಸಿಡಿಲಜ್ಜಿ ಅನ್ನೋ ಮುದುಕಿ ಅರಮನೆಗೆ ಬಂದ್ಲು. ಗುಡ್ಡದ ತುದೀಲಿ ನಿಂತು ಮಿಂಚು ಹಿಡಿಯೋದು ಅವಳ ಕೆಲಸ. ಹಿಡಿದ ಮಿಂಚನ್ನ ನೂಲು ಮಾಡಿ, ಆ ನೂಲಲ್ಲಿ ಒಂದು ಹಾಸು ನೇಯ್ದಿದ್ಲು. ಹಾಸಿನ ತುಂಬ ಕುಂಟೆಬಿಲ್ಲೆ ಥರ ಮನೆಗಳು, ಮನೆಗೊಂದು ಅಂಕಿ. ಮಗು ಹತ್ತಿ ನಿಂತ್ರೆ ಹಾಸು ಮಾತಾಡ್ತಿತ್ತು: "ಏಳೂ ಐದೂ ಎಷ್ಟು? ಹಾರು!" ಮಗು ಹನ್ನೆರಡರ ಮನೆಗೆ ಹಾರಿದ್ರೆ ಗಂಟೆ ಢಣ್ ಅಂತಿತ್ತು, ಒಂದು ಬೆಳಕಿನ ಹಕ್ಕಿ ಪುರ್ರನೆ ಮೇಲೇಳ್ತಿತ್ತು. ತಪ್ಪು ಮನೆಗೆ ಹಾರಿದ್ರೆ ಪುಸ್ ಅಂತ ಹೂಸು ಬಿಟ್ಟಂಗೆ ಸದ್ದು. ಆ ಸದ್ದು ಕೇಳೋಕೆ ಮಕ್ಕಳು ಬೇಕಂತ್ಲೇ ತಪ್ಪು ಮಾಡೋರು. ಹಂಗಾಗಿ ಆ ಊರಲ್ಲಿ ತಪ್ಪು ಮಾಡೋಕೆ ಯಾರೂ ಹೆದರ್ತಾನೇ ಇರ್ಲಿಲ್ಲ.

ಈಗ ಎಲೆಕ್ಟ್ರಾನಿಕ್ ಗೇಮು ಅಂತೀವಲ್ಲ, ಅದರ ಮುತ್ತಜ್ಜಿ ಇದು ಅನ್ಕೊಳಿ. ಒಂದೇ ವ್ಯತ್ಯಾಸ, ಬಟನ್ನು ಬೆರಳಿಗಲ್ಲ, ಕಾಲಿಗೆ.

"ನೋಡಪ್ಪ ರಾಜ," ಅಂದ್ಲು ಸಿಡಿಲಜ್ಜಿ. "ಇದು ತುಳಿದಷ್ಟೂ ಹೊಳೆಯುತ್ತೆ. ತುಳಿಯೋದು ಬಿಟ್ರೆ ಸಾಯುತ್ತೆ. ನೆನಪಿರ್ಲಿ."

"ನೆನಪಿರುತ್ತೆ ಅಜ್ಜಿ," ಅಂದ ರಾಜ. ಅಜ್ಜಿ ಗುಡ್ಡಕ್ಕೆ ಹೋದ್ಲು. ರಾಜ ಅವತ್ತೇ ಮರೆತ.

ಹಾಸನ್ನ ಊರ ಬಯಲಲ್ಲಿ ಹಾಸಿದ್ರು. ಸೆಗಣಿ ಕಾಲು, ಕೆಸರು ಕಾಲು, ಎಲ್ಲಾ ಕಾಲೂ ಅದರ ಮೇಲೆ ಕುಣಿದ್ವು. ಕುಣಿದ ಮಕ್ಕಳಿಗೆ ಮಗ್ಗಿ ಬಂತು, ಬೆವರು ಬಂತು, ಹಸಿವು ಬಂತು, ನಿದ್ದೆ ಬಂತು. ಚೆನ್ನಾಗಿತ್ತು ಕಣ್ರೀ. ಚೆನ್ನಾಗಿರೋದು ಕೆಲವರಿಗೆ ಆಗಲ್ಲ, ಏನ್ ಮಾಡೋದು?

ಪಕ್ಕದ ಕಾಡಲ್ಲಿ ಜೋಂಪಯ್ಯ ಅನ್ನೋ ಮಾಂತ್ರಿಕ ಇದ್ದ. ಮಕ್ಕಳು ಓಡದೆ ಬಿಟ್ಟ ಓಟ, ಹಾರದೆ ಬಿಟ್ಟ ಹಾರಾಟ, ಇವನ್ನ ಕದ್ದು ಒಂದು ಚೀಲಕ್ಕೆ ತುಂಬ್ಕೊಳೋದು, ಅದನ್ನ ತಿಂದು ವಯಸ್ಸಾಗದೆ ಇರೋದು, ಇದೇ ಅವನ ಬಾಳು. ಜಿಗಿನಾಡಿನ ಮಕ್ಕಳು ಒಂದು ಹಾರಾಟಾನೂ ಮಿಗಿಸ್ತಿರ್ಲಿಲ್ಲವಲ್ಲ, ಚೀಲ ಖಾಲಿ ಆಯ್ತು. ಗಡ್ಡ ಬೆಳ್ಳಗಾಯ್ತು. ಜೋಂಪಯ್ಯ ಒಳ್ಳೆ ಶಾಲು ಹೊದ್ಕೊಂಡು ಅರಮನೆಗೆ ಬಂದ. ಶಾಲು ಹೊದ್ದೋನನ್ನ ಕಂಡ್ರೆ ಬಿಂಕರಾಯ ಎದ್ದು ನಿಲ್ತಿದ್ದ.

ಜೋಂಪಯ್ಯನ ಹತ್ರ ಇದ್ದಿದ್ದು ಒಂದೇ ಮಂತ್ರ. ಅದನ್ನ ಕಿವೀಲಿ ಊದ್ತಿದ್ದ. ರಾಜನ ಕಿವೀಲೂ ಊದಿದ:

"ಹಾಳಾಗುತ್ತೆ."

ಅಷ್ಟೇ ಮಂತ್ರ! ಓಂ ಇಲ್ಲ, ಹ್ರೀಂ ಇಲ್ಲ.

"ಇಂಥಾ ಬೆಲೆಬಾಳೋ ಹಾಸು ಮಹಾಪ್ರಭು! ಸೆಗಣಿ ಕಾಲಲ್ಲಿ ತುಳಿಸ್ತೀರಾ? ಹಾಳಾಗುತ್ತೆ."

ರಾಜ ಅವತ್ತೇ ಹಾಸನ್ನ ಒಳಗೆ ತರಿಸಿದ. ಮೇಲೆ ಒಂದು ರೇಷ್ಮೆ ಮುಸುಕು. ಮುಸುಕು ಕೊಳೆ ಆಗದಿರ್ಲಿ ಅಂತ ಇನ್ನೊಂದು ಮುಸುಕು. ಹೂವಿನ ಹಾರ, ಅರಿಶಿನ ಕುಂಕುಮ, ಊದುಕಡ್ಡಿ. ಮೂರು ಬಾಗಿಲು. ವರ್ಷಕ್ಕೊಂದ್ಸಲ ಬಾಗಿಲು ತೆಗೆದು, ತುಪ್ಪದ ದೀಪ ಹಚ್ಚಿ, ಭಾಷಣ ಮಾಡಿ, "ನಮ್ಮ ಮಕ್ಕಳಿಗಾಗಿ ಎಂಥಾ ಹಾಸು ಇಟ್ಟಿದೀವಿ ನೋಡಿ" ಅಂತ ಹೇಳಿ, ಮತ್ತೆ ಬಾಗಿಲು ಮುಚ್ಚೋದು. ಮಕ್ಕಳು? ಮಕ್ಕಳು ಕಿಟಕಿ ಹೊರಗೆ ನಿಂತು ಚಪ್ಪಾಳೆ ತಟ್ಟಬೇಕು. ಮೈ ಉರಿಯುತ್ತೆ ನಂಗೆ.

ಮಂತ್ರ ಊರೆಲ್ಲ ಹಬ್ಬಿತು. ಓಡಬೇಡ, ಬಟ್ಟೆ ಹಾಳಾಗುತ್ತೆ. ಹಾರಬೇಡ, ಚಪ್ಪಲಿ ಹಾಳಾಗುತ್ತೆ. ಕೂತ್ಕೊ, ಸುಮ್ನೆ ಕೂತ್ಕೊ. ಮಕ್ಕಳು ಕೂತ್ವು. ಕೂತ ಮಕ್ಕಳ ಕಾಲ್ಬೆರಳು ಕಲ್ಲಾದ್ವು. ಆಮೇಲೆ ಪಾದ. ಆಮೇಲೆ ಮೊಣಕಾಲು. "ಎಷ್ಟು ಒಳ್ಳೆ ಮಕ್ಕಳು, ಅಲ್ಲಾಡೋದೇ ಇಲ್ಲ!" ಅಂತ ದೊಡ್ಡೋರು ಹೊಗಳಿದ್ರು. ಜೋಂಪಯ್ಯನ ಚೀಲ ತುಂಬ್ತು. ಗಡ್ಡ ಕಪ್ಪಾಯ್ತು.

ಆ ಊರಲ್ಲಿ ದ್ಯಾವಿ ಅಂತ ಒಬ್ಬ ಹುಡುಗಿ. ಬೆಣ್ಣೆ ಮಾರೋಳ ಮಗಳು. ದಿನಾ ಬೆಣ್ಣೆ ಗಡಿಗೆ ಹೊತ್ತು ಊರೂರು ತಿರುಗ್ತಿದ್ದರಿಂದ ಅವಳ ಕಾಲು ಮಾತ್ರ ಕಲ್ಲಾಗಿರ್ಲಿಲ್ಲ. ಅವಳ ತಮ್ಮ ಮುತ್ತ. ಬಾಯಿ ಬಲು ಜೋರು, ಆದ್ರೆ ಸೊಂಟದ ತನಕ ಕಲ್ಲು. ಕಲ್ಲು ಎದೆಗೆ ಬಂದ್ರೆ ಉಸಿರು ನಿಲ್ಲುತ್ತೆ. ಅವ್ವ ದಿನಾ ಬೆಣ್ಣೆ ತಿಕ್ಕೋಳು. ಕಲ್ಲಿಗೆ ಬೆಣ್ಣೆ ತಿಕ್ಕಿದ್ರೆ ಏನಾಗುತ್ತೆ? ಕಲ್ಲು ಹೊಳೆಯುತ್ತೆ.

"ಅವ್ವಾ, ಇವನು ಹಾಸಿನ ಮೇಲೆ ಹಾರಿದ್ರೆ ಸರಿ ಹೋಗ್ತಾನೆ," ಅಂದ್ಲು ದ್ಯಾವಿ.

"ಅಯ್ಯೋ, ಹಾಸು ಹಾಳಾಗುತ್ತೆ ಕಣೇ!" ಅಂದ್ಲು ಅವ್ವ. ತನ್ನ ಮದುವೆ ಸೀರೇನ ಒಂದಿನಾನೂ ಉಡದೆ ಪೆಟ್ಟಿಗೇಲಿಟ್ಟ ಹೆಂಗಸು ಅವಳು.

"ಹಾಸು ಹಾಳಾಗುತ್ತೆ, ನಾನು ಹಾಳಾಗಲ್ವಾ?" ಅಂದ ಮುತ್ತ.

ಅವ್ವ ಬಾಯಿಗೆ ಸೆರಗು ಇಟ್ಕೊಂಡ್ಲು. ದ್ಯಾವಿ ತಮ್ಮನ್ನ ಬೆನ್ನಿಗೆ ಕಟ್ಕೊಂಡು ಸೀದಾ ಅರಮನೆಗೆ ನಡೆದ್ಲು.

"ಮಹಾಪ್ರಭು, ಆಡೋಕೆ ಅಂತ ಮಾಡಿದ್ದನ್ನ ಆಡಿದ್ರೆ ಹಾಳಾಗುತ್ತಾ?"

ರಾಜ ತಲೆ ಕೆರ್ಕೊಂಡ. ಸಿಂಹಾಸನದ ಹಿಂದಿಂದ ಜೋಂಪಯ್ಯ ಕಿವೀಲಿ ಊದಿದ. ರಾಜ ಗಂಟಲು ಸರಿ ಮಾಡ್ಕೊಂಡ. "ನೋಡಮ್ಮ, ನಾವೇನು ಬೇಡ ಅಂದಿಲ್ಲ. ಮೂರು ಬಾಗಿಲು ದಾಟಿದೋರು ತುಳೀಬಹುದು. ನಿಯಮ ಎಲ್ರಿಗೂ ಒಂದೇ." ಅವನ ದನಿ ಎಷ್ಟು ಮೆತ್ತಗಿತ್ತು ಅಂದ್ರೆ, ಒದೀಬೇಕು ಅನ್ನಿಸ್ತು ದ್ಯಾವಿಗೆ. ಒದೀಲಿಲ್ಲ. ಬಾಗಿಲಿಗೆ ಹೋದ್ಲು.

ಮೊದಲನೇ ಬಾಗಿಲಲ್ಲಿ ಮೂರು ತಲೆ ಟಗರು ಕೂತಿತ್ತು.

"ಒಳಗೆ ಬಿಡಣ್ಣ," ಅಂದ್ಲು ದ್ಯಾವಿ.

"ನಂಗೇನೂ ಇಲ್ಲ, ಆ ತಲೇನ ಕೇಳು," ಅಂತು ಎಡಗಡೆ ತಲೆ.

"ನನ್ನ ಕೈಲಿ ಏನಿದೆ? ಈ ತಲೇನ ಕೇಳು," ಅಂತು ನಡುವಿನ ತಲೆ.

"ಅವ್ರಿಬ್ರೂ ಒಪ್ಪಿದ್ರೆ ನಂದೇನು?" ಅಂತು ಬಲಗಡೆ ತಲೆ.

ಇವಳಿಗಿಂತ ಮುಂಚೆ ಬಂದೋರಲ್ಲಿ ಬಹಳ ಜನ ಇಲ್ಲೇ ನಿಂತೂ ನಿಂತೂ ಕಲ್ಲಾಗಿದ್ರು. ಗೋಡೆಗೆ ಒರಗಿದ ಸಾಲು ಸಾಲು ವಿಗ್ರಹ. ದ್ಯಾವಿ ನಿಲ್ಲಲಿಲ್ಲ. ಎಡಕ್ಕೆ ಓಡಿ ಕೇಳಿದ್ಲು, ಬಲಕ್ಕೆ ಓಡಿ ಕೇಳಿದ್ಲು, ನಡುವೆ ನುಗ್ಗಿ ಕೇಳಿದ್ಲು, ಮತ್ತೆ ಎಡಕ್ಕೆ. ಬೇಗ, ಇನ್ನೂ ಬೇಗ. ಬೆನ್ನ ಮೇಲಿಂದ ಮುತ್ತ "ಅದನ್ನ ಕೇಳು, ಇದನ್ನ ಕೇಳು, ಅದರಪ್ಪನ್ನ ಕೇಳು!" ಅಂತ ಹಾಡು ಕಟ್ಟಿದ. ತಲೆಗಳು ಒಂದನ್ನೊಂದು ತೋರ್ಸೋಕೆ ತಿರುಗೀ ತಿರುಗೀ ಕೊಂಬಿಗೆ ಕೊಂಬು ಸಿಕ್ಕಾಕ್ಕೊಂಡ್ವು. "ನಿಂದೇ ತಪ್ಪು!" "ನಿಂದೇ!" ಅಂತ ಟಗರು ತನ್ನನ್ನ ತಾನೇ ಗುದ್ಕೊಂಡು ಉರುಳ್ತಾ ಹೋಯ್ತು. ಬಾಗಿಲು ತೆರೀತು.

ಎರಡನೇ ಬಾಗಿಲಲ್ಲಿ ಆನೆ ಗಾತ್ರದ ಗೂಬೆ. ಕಾಲಲ್ಲಿ ಬೆತ್ತ.

"ಕೂತ್ಕೊ," ಅಂತು ಗೂಬೆ. "ಕೈ ಕಟ್ಟು. ಬಾಯಿ ಮುಚ್ಚು. ಈಗ ಹೇಳು, ಎಂಟೊಂಬತ್ಲ ಎಷ್ಟು?"

"ಬಾಯಿ ಮುಚ್ಕೊಂಡು ಹೆಂಗೆ ಹೇಳೋದು?" ಅಂದ ಮುತ್ತ.

"ಎದುರು ಮಾತಾ?" ಅಂತು ಗೂಬೆ. ಬೆತ್ತ ಗೋಡೆಗೆ ಬಡೀತು, ಗೋಡೆ ಬಿರುಕು ಬಿಡ್ತು.

ದ್ಯಾವಿಗೆ ಎಂಟೊಂಬತ್ಲ ನೆನಪಿಗೆ ಬರ್ಲಿಲ್ಲ. ಕೂತ್ರೆ ಕಲ್ಲಾಗ್ತೀನಿ ಅಂತ ಮಾತ್ರ ಗೊತ್ತಿತ್ತು. ಚಿಕ್ಕವಳಿದ್ದಾಗ ಬಯಲಲ್ಲಿ ಹಾರಿದ್ಲಲ್ಲ, ತಲೆ ಮರೆತಿದ್ದು ಕಾಲಿಗೆ ನೆನಪಿತ್ತು. ತಮ್ಮನ್ನ ಹೊತ್ಕೊಂಡೇ ಕುಂಟಿದ್ಲು. ಎಂಟು! ಹದಿನಾರು! ಇಪ್ಪತ್ನಾಲ್ಕು! ಪ್ರತಿ ಹಾರಾಟಕ್ಕೂ ಮುತ್ತನ ಕಲ್ಲುಕಾಲು ಅವಳ ಸೊಂಟಕ್ಕೆ ಬಡೀತಿತ್ತು. ಒಂಬತ್ತನೇ ಸಲ ನೆಲಕ್ಕೆ ಕಾಲೂರಿ ಕೂಗಿದ್ಲು: "ಎಪ್ಪತ್ತೆರಡು!"

ಗೂಬೆ ಕಣ್ಣು ಇಷ್ಟಗಲ ಮಾಡ್ತು. "ಉತ್ತರ ಸರಿ. ಆದ್ರೆ ಕುಣಿದ್ಯಲ್ಲ! ಕುಣಿದು ಕಲಿತಿದ್ದು ಕಲಿಕೇನಾ? ಸೊನ್ನೆ!"

ಉತ್ತರ ಸರಿ ಅಂತೆ, ಸೊನ್ನೆ ಅಂತೆ. ಕೇಳಿದ್ರಾ ನ್ಯಾಯಾನ?

ಗೂಬೆ ಬಾಯಿಂದ ನಿಜವಾದ ಸೊನ್ನೆ ಬಂತು. ಎತ್ತಿನ ಗಾಡಿ ಚಕ್ರದಷ್ಟು ದೊಡ್ಡದು, ಸುಣ್ಣದಷ್ಟು ಬೆಳ್ಳಗೆ, ಗರಗರ ಉರುಳ್ತಾ ದ್ಯಾವಿ ಮೇಲೇ ಬಂತು. ಟಗರನ್ನ ದಾಟಿ ಇಲ್ಲಿ ತನಕ ಬಂದಿದ್ದ ನಾಕಾರು ಜನ ಸೊನ್ನೆ ಕಂಡು ತಲೆ ತಗ್ಗಿಸಿ, ಅದರಡಿ ಸಿಕ್ಕಿ ಪುಡಿಯಾಗಿದ್ರು. ದ್ಯಾವಿ ನೋಡಿದ್ಲು. ಸೊನ್ನೆ ಅಂದ್ರೆ ಏನು? ನಡುವೆ ತೂತು. "ಗಟ್ಟಿಯಾಗಿ ಹಿಡ್ಕೊಳೋ!" ಅಂತ ತಮ್ಮನಿಗೆ ಹೇಳಿ, ತೂತಿನೊಳಗೆ ಹಾರಿದ್ಲು. ಸೊನ್ನೆಯೊಳಗೆ ಹೋದೋರು ಬಾಗಿಲಾಚೆ ಬಿದ್ರು. ಅದು ಅಂಥಾ ಸೊನ್ನೆ.

ಮೂರನೇ ಬಾಗಿಲಲ್ಲಿ ಯಾರೂ ಇರ್ಲಿಲ್ಲ. ಬೀಗಾನೂ ಇರ್ಲಿಲ್ಲ. ತಳ್ಳಿದ್ರೆ ತೆರೀತು.

ಒಳಗೆ ತುಪ್ಪದ ದೀಪ, ಊದುಕಡ್ಡಿ ಹೊಗೆ. ನಡುವೆ ಹಾಸು. ದ್ಯಾವಿ ಮುಸುಕು ತೆಗೆದ್ಲು. ದೀಪದ ಬೆಳಕಲ್ಲಿ ಎಷ್ಟು ನುಣುಪು, ಎಷ್ಟು ಹೊಸದು! ತನ್ನ ಕಾಲು ನೋಡ್ಕೊಂಡ್ಲು. ಧೂಳು, ಬೆಣ್ಣೆ ಜಿಡ್ಡು, ಬಿರಿದ ಹಿಮ್ಮಡಿ. ಎದೆಯೊಳಗೆ ಏನೋ ಪಿಸುಗುಟ್ಟಿತು. ಜೋಂಪಯ್ಯನ ದನಿ ಅಲ್ಲ. ಅವ್ವನ ದನಿ. ಊರೋರ ದನಿ. ತನ್ನದೇ ದನಿ.

ಹಾಳಾಗುತ್ತೆ.

ದ್ಯಾವಿ ಕಾಲು ಹಿಂದಕ್ಕೆ ಎಳ್ಕೊಂಡ್ಲು. ಸೆರಗಲ್ಲಿ ಅಂಗಾಲು ಒರೆಸಿದ್ಲು. ಮತ್ತೆ ಒರೆಸಿದ್ಲು. ಅದೂ ಸಾಲದು ಅನ್ನಿಸಿ ಕಣ್ಮುಚ್ಚಿ ಕೈ ಮುಗಿದ್ಲು. ಮುಗೀತಿದ್ದಂಗೇ ಕಾಲ್ಬೆರಳು ತಣ್ಣಗಾಯ್ತು. ಕಲ್ಲು! ಪಾದ ಕಲ್ಲು! ಮೂರನೇ ಕಾವಲು ಯಾರು ಅಂತ ಆಗ ಗೊತ್ತಾಯ್ತು ಅವಳಿಗೆ. ತಾನೇ.

"ಅಕ್ಕಾ, ಏನ್ ಮಾಡ್ತಿದೀಯ?" ಅಂದ ಮುತ್ತ.

"ಮೊದ್ಲು ಒಂದು ನಮಸ್ಕಾರ..."

"ದೇವ್ರಲ್ಲ ಕಣೇ ಅದು, ಆಟ!"

ಅಷ್ಟಂದು, ಕಟ್ಟಿದ್ದ ಬಟ್ಟೆ ಗಂಟನ್ನ ಹಲ್ಲಲ್ಲಿ ಕಚ್ಚಿ ಬಿಚ್ಚಿ, ಹಾಸಿನ ಮೇಲೆ ಧೊಪ್ಪನೆ ಬಿದ್ದ. ಸೊಂಟದ ತನಕ ಕಲ್ಲಲ್ವಾ? ಒಂಬತ್ತರ ಮನೆ ಫಳಾರ್ ಅಂತ ಒಡೀತು.

ಒಡೆದ ಸದ್ದಿಗೆ ದೀಪ ಆರಿತು. ರಾಜ ಓಡಿಬಂದ. ಮಂತ್ರಿ ಬಂದ, ಅಡುಗೆಯವ್ರು ಬಂದ್ರು, ಮಗಳನ್ನ ಹುಡುಕ್ತಾ ಅವ್ವಾನೂ ಬಂದ್ಲು. ಎಲ್ರೂ ಎದೆ ಹಿಡ್ಕೊಂಡು ನಿಂತ್ರು. ಆಕಾಶ ಕಳಚಿ ಬೀಳುತ್ತೆ ಅಂತ ಕಾದ್ರು.

ಬೀಳಲಿಲ್ಲ.

ಕತ್ತಲಲ್ಲಿ ಹಾಸು, ಎಷ್ಟೋ ವರ್ಷ ಮಾತಾಡದ ಗಂಟಲಲ್ಲಿ, ಗೊರಗೊರ ಅಂತು: "ಏಳೂ... ಐದೂ... ಎಷ್ಟು? ಹಾರು..." ಆಗ ಎಲ್ರಿಗೂ ಗೊತ್ತಾಯ್ತು, ಕತ್ತಲಲ್ಲೂ ಹಾಸು ಹೊಳೀತಿಲ್ಲ. ಒಡೆದಿದ್ದು ಒಂದು ಮನೆ. ಮಿಕ್ಕ ಮನೆಗಳೆಲ್ಲ ಒಡೀದೇನೇ ಕಪ್ಪಗೆ ಸತ್ತು ಬಿದ್ದಿದ್ವು. ತುಳಿದು ಒಂದು ಹಾಳಾಗಿತ್ತು, ಜೋಪಾನ ಮಾಡಿ ಎಲ್ಲಾ ಹಾಳಾಗಿತ್ತು. ಹಾರ ಹಾಕಿದೋರಿಗೆ ಇದು ಕಾಣ್ಲೇ ಇಲ್ವಾ ಇಷ್ಟು ವರ್ಷ? ಮುಸುಕು ತೆಗೆದಿದ್ರೆ ತಾನೇ!

ಮುತ್ತ ಮೊಣಕೈ ಊರಿ ತೆವಳಿದ. ಕಲ್ಲುಕಾಲು ಎಳೀತಾ ಹನ್ನೆರಡರ ಮನೆಗೆ ಹೋಗಿ ಅಂಗೈಯಲ್ಲಿ ಬಡಿದ.

ಢಣ್!

ಗುಬ್ಬಿಮರಿಯಷ್ಟು ಒಂದು ಬೆಳಕಿನ ಹಕ್ಕಿ ಮೇಲೆದ್ದು ಮುತ್ತನ ಮೂಗಿನ ಮೇಲೆ ಕೂತಿತು. ಅವನ ಸೊಂಟದ ಕಲ್ಲು ಬಿರುಕು ಬಿಡ್ತು. ಇನ್ನೊಂದು ಪ್ರಶ್ನೆ, ಇನ್ನೊಂದು ಏಟು, ಇನ್ನೊಂದು ಢಣ್. ಕಲ್ಲು ಮೊಣಕಾಲ ತನಕ ಉದುರಿತು. ಮುತ್ತ ಎದ್ದು ನಿಂತ, ಬಿದ್ದ, ತಪ್ಪು ಮನೆ ಮೇಲೆ ಕೂತ. ಪುಸ್! ರಾಜನ ಮುಂದೇನೇ ಕಿಲಕಿಲ ನಕ್ಕ.

"ಹಾಳಾಗುತ್ತೆ! ಹಾಳಾಗುತ್ತೆ!" ಅಂತ ಕೂಗ್ತಾ ಜೋಂಪಯ್ಯ ಚೀಲ ಹೊತ್ಕೊಂಡು ನುಗ್ಗಿದ.

ಕಲ್ಲಾದ ಪಾದ ನೆಲಕ್ಕೆ ಕುಟ್ಟಿ ದ್ಯಾವಿ ಅಂದ್ಲು: "ಆಗ್ಲೇ ಹಾಳಾಯ್ತು ಕಣಯ್ಯಾ. ನೋಡು, ಒಂಬತ್ತರ ಮನೆ. ಈಗೇನ್ ಹೇಳ್ತೀಯ?"

ಜೋಂಪಯ್ಯ ಬಾಯಿ ತೆರೆದ. ಇದ್ದಿದ್ದು ಒಂದೇ ಮಂತ್ರ, ಅದೂ ತೀರಿತು. ದ್ಯಾವಿ ಪಾದದ ಕಲ್ಲು ಸಿಪ್ಪೆ ಥರ ಕಳಚಿ ಬಿತ್ತು. ಮಾಂತ್ರಿಕ ಸಿಟ್ಟಲ್ಲಿ ಹಾಸನ್ನೇ ಸುತ್ತಿ ಒಯ್ಯೋಣ ಅಂತ ಮೇಲೆ ಕಾಲಿಟ್ಟ. ಹಾಸಿನ ಪಾಲಿಗೆ ಮಾಂತ್ರಿಕ ಆದ್ರೇನು, ಮಗು ಆದ್ರೇನು?

"ಎರಡೂ ಒಂದೂ ಎಷ್ಟು? ಹಾರು!"

"ಮೂರು," ಅಂದ ಜೋಂಪಯ್ಯ, ಗತ್ತಿನಲ್ಲಿ.

"ಹಾರು!"

"ಬಾಯಲ್ಲಿ ಹೇಳಿದ್ನಲ್ಲ!"

"ಹಾರು!"

ಜನ್ಮದಲ್ಲಿ ಹಾರದ ಕಾಲು, ಊರಿನ ಹಾರಾಟವೆಲ್ಲ ತುಂಬಿದ ಚೀಲ. ಹಾರೋಕೆ ಹೋಗಿ ಮಕಾಡೆ ಬಿದ್ದ. ಪುಸ್ಸ್ಸ್! ಚೀಲ ಹರಿದೋಯ್ತು. ಕದ್ದ ಹಾರಾಟಗಳೆಲ್ಲ ಮಿಡತೆ ಥರ ಚಿಮ್ಮಿ ಕಿಟಕಿಯಿಂದ ಹಾರಿ, ತಂತಮ್ಮ ಮಕ್ಕಳನ್ನ ಹುಡುಕ್ಕೊಂಡು ಹೋದ್ವು. ಬಾಗಿಲಲ್ಲಿ ವಿಗ್ರಹವಾಗಿ ನಿಂತೋರು ಮೈ ಕೊಡವಿದ್ರು, ಸೊನ್ನೆಯಡಿ ಪುಡಿಯಾದೋರು ಪುಡಿ ಕೂಡ್ಕೊಂಡು ಎದ್ರು. ಊರ ಮಕ್ಕಳ ಕಾಲಿನ ಕಲ್ಲು ಪಟಪಟ ಉದುರಿತು. ಹಳೇ ಹಾರಾಟ ಒಂದು ರಾಜನ ಕಾಲಿಗೂ ಸಿಕ್ಕಿತು, ಕಿರೀಟ ಒಂದು ಕಡೆ, ರಾಜ ಒಂದು ಕಡೆ. ಇನ್ನೊಂದು ಅವ್ವನ ಸೆರಗು ಹಿಡಿದು ಜಗ್ಗಿತು.

ಜೋಂಪಯ್ಯ? ಚೀಲ ಖಾಲಿಯಾಗ್ತಿದ್ದಂಗೆ ಚಪ್ಪಟೆಯಾಗಿ, ಒಂದು ಕಾಲೊರಸು ಆದ. ಹಾಸಿನ ಪಕ್ಕ ಬಿದ್ದಿರ್ತಾನೆ. ಕೆಸರು ಕಾಲಿನ ಮಕ್ಕಳು ಮೊದ್ಲು ಅವನ ಮೇಲೆ ಒರೆಸಿ ಆಮೇಲೆ ಹಾಸು ಹತ್ತುತ್ತವೆ. ಕೆಲವು ಒರೆಸೋದೂ ಇಲ್ಲ.

ಹಾಸು ಮತ್ತೆ ಬಯಲಿಗೆ ಬಂತು. ಬಿಸಿಲಲ್ಲೇ ಇದೆ, ಮಳೇಲೇ ಇದೆ, ದಿನಾ ತುಳಿಸ್ಕೊಂಡು ಝಗಝಗ ಅಂತಿದೆ. ಸಿಡಿಲಜ್ಜಿ ಬಂದು "ಒಂಬತ್ತರ ಮನೆ ಹೊಸದಾಗಿ ನೇಯ್ದು ಕೊಡ್ಲಾ?" ಅಂತ ಕೇಳಿದ್ಲು. ಮಕ್ಕಳೆಲ್ಲ ಬೇಡ ಅಂದ್ರು. ಉತ್ತರ ಒಂಬತ್ತು ಬಂದ್ರೆ ಹಾಸಿನಾಚೆ ಹಾರಿ, ಗಂಟಲು ಹರಿಯೋ ಹಂಗೆ "ಒಂಬತ್ತೂ!" ಅಂತ ಕೂಗಬೇಕು, ಅದು ಅವರ ನಿಯಮ. ಎಲ್ರಿಗೂ ಈಗ ಅದೇ ಮನೆ ಇಷ್ಟ. ಮೊನ್ನೆ ಅವ್ವ ಮದುವೆ ಸೀರೆ ಉಟ್ಕೊಂಡೇ ಒಂಬತ್ತು ಕೂಗಿದ್ಲು. ಸೆರಗಿಗೆ ಕೆಸರು ಬಿತ್ತು. ಬೀಳ್ಲಿ ಬಿಡಿ.

ಅವ್ರೆಲ್ಲ ಅಲ್ಲಿ ಕುಣ್ಕೊಂಡು ಸುಖವಾಗಿದಾರೆ. ನೀವು ಇಲ್ಲಿ ಕೂತು ಕತೆ ಕೇಳಿದ್ದು ಸಾಕು. ಕಾಲ್ಬೆರಳು ಅಲ್ಲಾಡುತ್ತಾ ನೋಡ್ಕೊಳಿ. ಏಳಿ.